ಲಿಂಬಿ ಮಾರುವಷ್ಟು ಮರಾಠಿ ಸಾಲದು

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಕಾಕಾ ಪುಣೆಗೆ ಬಂದರು. ಇಂಡಿ ತಾಲ್ಲೂಕಿನ ಹಳ್ಳಿ, ಮೂರು ಎಕರೆ ಲಿಂಬಿ ತೋಟ, ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣು ನಾಲ್ಕು ತಿಂಗಳಿಂದ ಮಾಯದೆ ಕೂತಿತ್ತು. ಸೊಲ್ಲಾಪುರದ ಡಾಕ್ಟರು ಪುಣೆಯ ಒಂದು ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಪತ್ರ ಬರೆದುಕೊಟ್ಟಿದ್ದರು. ನಾನು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಪುಣೆಯಲ್ಲಿರುವ ವಿಜಯಪುರ ಜಿಲ್ಲೆಯವರಿಗೆಲ್ಲ ಇರುವಂತೆ ನನಗೂ ಸಂಬಳವಿಲ್ಲದ ಇನ್ನೊಂದು ನೌಕರಿ ಇದೆ. ಊರಿಂದ ಬಂದವರನ್ನು ದವಾಖಾನೆಗೆ ಕರೆದೊಯ್ಯುವುದು, ಅವರು ಹೇಳಿದ್ದನ್ನು ಡಾಕ್ಟರಿಗೆ, ಡಾಕ್ಟರು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದು. ಮುಂಬೈ, ಹೈದರಾಬಾದ್, ಚೆನ್ನೈಯಲ್ಲಿರುವ ನೀವೂ ಈ ಕೆಲಸ ಮಾಡಿಯೇ ಇರುತ್ತೀರಿ.

ಎರಡನೇ ಭೇಟಿಯಲ್ಲಿ ಡಾಕ್ಟರು ಹುಣ್ಣು ನೋಡಿ, “ಇದಕ್ಕೆ ನಮ್ಮಲ್ಲಿ ಒಂದು ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ. ಹೊಸ ಜೆಲ್ ಒಂದರ ಪರೀಕ್ಷೆ. ಇಷ್ಟವಿದ್ದರೆ ಸೇರಬಹುದು, ಇಲ್ಲದಿದ್ದರೆ ಮಾಮೂಲಿ ಚಿಕಿತ್ಸೆ ಮುಂದುವರಿಸುತ್ತೇವೆ” ಎಂದರು. ಆಮೇಲೆ ಟ್ರಯಲ್ ಕೋಆರ್ಡಿನೇಟರ್ ಬಂದು ಹದಿನಾಲ್ಕು ಪುಟಗಳ ಒಪ್ಪಿಗೆ ಪತ್ರ ಮುಂದಿಟ್ಟಳು. ಮರಾಠಿಯಲ್ಲಿತ್ತು, ಹಿಂದಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ.

“ಇವರಿಗೆ ಮರಾಠಿ ಬರುತ್ತದಲ್ಲ?” ಎಂದಳು. ಬರುತ್ತದೆ. ಸೊಲ್ಲಾಪುರದ ಮಾರುಕಟ್ಟೆಯಲ್ಲಿ ಲಿಂಬಿ ಮಾರಿ, ದಲಾಲಿಯವನ ಜೊತೆ ಜಗಳಾಡಿ, ಊಟ ಮಾಡಿ ಬಸ್ಸು ಹತ್ತುವಷ್ಟು ಬರುತ್ತದೆ. ದಿನವೂ ಊರ ಕಟ್ಟೆಯ ಮೇಲೆ ಕೂತು ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ, ಅಂದು ಆ ಕೋಣೆಯಲ್ಲಿ ಓದು ಬಾರದವರ ಸಾಲಿಗೆ ಸೇರಿಬಿಟ್ಟರು. ಪತ್ರ ನನ್ನ ಕೈಗೆ ಬಂತು.

“ತಮ್ಮಾ, ನನ್ನ ಮ್ಯಾಲೆ ಪ್ರಯೋಗ ಮಾಡ್ತಾರೇನು? ಇಲಿ ಮ್ಯಾಲೆ ಮಾಡಿಧಂಗ?” ಅಂದರು ಕಾಕಾ.

“ಹಂಗೇನಿಲ್ಲ ಕಾಕಾ. ಹೊಸ ಔಷಧ. ಡಾಕ್ಟರೂ ಛಲೋ ಅದಾರ” ಅಂದೆ. ನಾನು ಮಾಡಿದ ಮೊದಲ ತಪ್ಪು ಅದು. ಅವರು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಸಮಾಧಾನ ಕೊಟ್ಟೆ.

ಎರಡನೆಯದು ಇನ್ನೂ ದೊಡ್ಡದು. ನಾಲ್ಕನೇ ಪುಟದಲ್ಲಿ ‘ರ‍್ಯಾಂಡಮೈಸೇಷನ್’ ಎಂಬ ಮಾತು ಬಂತು. ದಿನಾ ಬಳಸುವ ಪದ ನನಗೆ. ಆದರೆ ಬಾಯಿಗೆ ಕನ್ನಡ ಬರಲಿಲ್ಲ. “ಯಾವ ಜೆಲ್ ನಿಮಗ ಅಂತ ಕಂಪ್ಯೂಟರ್ ಆರಿಸ್ತದ ಕಾಕಾ” ಅಂದುಬಿಟ್ಟೆ. ಅವರು ತಲೆಯಾಡಿಸಿದರು. ಮುಕ್ಕಾಲು ಗಂಟೆಯಲ್ಲಿ ಹದಿನಾಲ್ಕು ಪುಟ ದಾಟಿಸಿದೆ. ಕಾಕಾ ದುಂಡನೆಯ ಅಕ್ಷರದಲ್ಲಿ ಕನ್ನಡದ ಸಹಿ ಹಾಕಿದರು.

ರಾತ್ರಿ ಮನೆಯಲ್ಲಿ ಊಟ ಮುಗಿಸಿ ಅವರು ಊರಿಗೆ ಫೋನ್ ಮಾಡಿದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಚಿಗವ್ವನಿಗೆ ಹೇಳುತ್ತಿದ್ದರು: “ಇಲ್ಲಿ ಬ್ಯಾರೇನ ಅದ. ಕಂಪ್ಯೂಟರ್ ನನ್ನ ರಕ್ತ ನೋಡಿ, ಕಾಲು ನೋಡಿ, ಯಾವ ಔಷಧ ತಾಗತದ ಅಂತ ತಾನ ಆರಿಸಿ ಕೊಡ್ತದಂತ. ನಮ್ಮ ಹುಡುಗ ಹೇಳ್ಯಾನ, ಅಂವ ಅದನ್ನ ಕಲತಾನಲ್ಲ.”

ಎಂಟೆಕ್ ಮಾಡಿದವನಿಗೆ ಅಷ್ಟು ನಾಚಿಕೆಯಾದ ದಿನ ಇನ್ನೊಂದಿಲ್ಲ. ಅವರು ಸಹಿ ಹಾಕಿದ್ದು ಆ ಪತ್ರಕ್ಕಲ್ಲ. ನನ್ನ ಮಾತಿಗೆ, ಅದೂ ನಾನು ಹೇಳಿಯೇ ಇರದ ಮಾತಿಗೆ.

ಫೋನ್ ಇಟ್ಟ ಮೇಲೆ ಹೋಗಿ ಕೂತೆ. “ಕಾಕಾ, ಪಂಚಾಯ್ತಿ ಇಲೆಕ್ಷನ್‌ನಾಗ ಇಬ್ಬರಿಗೂ ಓಟು ಸಮ ಬಿದ್ರ ಏನ ಮಾಡ್ತಾರ?”

“ಚೀಟಿ ಎತ್ತತಾರ.”

“ಇದೂ ಹಂಗ. ಕಂಪ್ಯೂಟರ್ ಬರೇ ಚೀಟಿ ಎತ್ತತದ. ನಿಮ್ಮ ರಕ್ತಾನೂ ನೋಡಂಗಿಲ್ಲ, ಕಾಲೂ ನೋಡಂಗಿಲ್ಲ. ಅರ್ಧ ಮಂದಿಗೆ ಔಷಧ ಇರೋ ಜೆಲ್, ಅರ್ಧ ಮಂದಿಗೆ ಔಷಧ ಇಲ್ಲದ್ದು.”

“ಹಂಗಾರ ನನಗ ಇಲ್ಲದ್ದ ಬರಬಹುದು?”

“ಬರಬಹುದು.”

“ಡಾಕ್ಟರಿಗೆ ಗೊತ್ತಿರ್ತದ?”

“ಅವರಿಗೂ ಗೊತ್ತಿರಂಗಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವರಿಗೇ ಗೊತ್ತಿಲ್ಲ ಅಂದ್ರ ನಾ ಯಾರನ್ನ ಕೇಳ್ಲಿ?”

ಈ ಪ್ರಶ್ನೆಗೆ ನಾನು ಆ ರಾತ್ರಿ ಹೇಳಿದ್ದನ್ನೂ, ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತೇನೆ. ನಾಳೆ ನಿಮ್ಮ ಮುಂದೆಯೂ ಇಂಥ ಪತ್ರವೊಂದು ಬಂದೀತು.

ಚೀಟಿ ಯಾಕೆ ಎತ್ತಬೇಕು? ಕೋವಿಡ್ ದಿನಗಳನ್ನು ನೆನಪಿಸಿಕೊಳ್ಳಿ. 2021ರ ಏಪ್ರಿಲ್‌ನಲ್ಲಿ ನಮ್ಮ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ಹತ್ತಾರು ಸಂದೇಶ: ‘ಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕಾಗಿದೆ.’ ನಾನೂ ಎಷ್ಟೋ ಕಳಿಸಿದ್ದೆ. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿ ಉಳಿಯುತ್ತಾನೆಂದು ಎಲ್ಲರೂ ನಂಬಿದ್ದೆವು. ಕೊಟ್ಟವರಲ್ಲಿ ಬಹಳ ಮಂದಿ ಉಳಿದದ್ದನ್ನು ಕಣ್ಣಾರೆ ಕಂಡಿದ್ದೆವು. ಆದರೆ ಕೊಡದಿದ್ದರೂ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರು ಎಂಬುದನ್ನು ಯಾರೂ ಕಂಡಿರಲಿಲ್ಲ. ಅದನ್ನು ಕಾಣಲಿಕ್ಕೆಂದೇ ಐಸಿಎಂಆರ್ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಒಂದು ಟ್ರಯಲ್ ನಡೆಸಿತ್ತು. ‘ಪ್ಲಾಸಿಡ್’ ಎಂದು ಅದರ ಹೆಸರು. ಚೀಟಿ ಎತ್ತಿ ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಪ್ಲಾಸ್ಮಾ, ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನಗಳ ನಂತರ ನೋಡಿದರೆ, ರೋಗ ಉಲ್ಬಣಿಸುವುದರಲ್ಲಾಗಲಿ ಸಾವಿನಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆ ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಗಿತ್ತು. ಪ್ಲಾಸ್ಮಾವನ್ನು ಸರ್ಕಾರಿ ಚಿಕಿತ್ಸಾ ಮಾರ್ಗಸೂಚಿಯಿಂದ ತೆಗೆದದ್ದು ಮಾತ್ರ 2021ರ ಮೇ ತಿಂಗಳಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಎಷ್ಟು ಮನೆಯವರು ರಾತ್ರಿಯೆಲ್ಲ ರಕ್ತನಿಧಿಗಳ ಮುಂದೆ ನಿಂತರೋ. ಅವರಲ್ಲಿ ಕೆಲವರನ್ನು ನಿಲ್ಲಿಸಿದವನು ನಾನೇ.

ಡಾಕ್ಟರಿಗೆ ಆರಿಸಲು ಬಿಟ್ಟರೆ ಏನಾಗುತ್ತದೆ? ಅವರೂ ಮನುಷ್ಯರೇ. ಹೊಸ ಔಷಧದ ಮೇಲೆ ಭರವಸೆ ಇದ್ದರೆ, ಉಳಿಯುವ ಲಕ್ಷಣ ಇರುವವರಿಗೇ ಅದನ್ನು ಕೊಟ್ಟಾರು. ಅಥವಾ ಕನಿಕರ ಹುಟ್ಟಿ ತೀರಾ ಕಷ್ಟದಲ್ಲಿದ್ದವರಿಗೆ ಕೊಟ್ಟಾರು. ಎರಡರಲ್ಲಿ ಯಾವುದಾದರೂ ಗುಂಪುಗಳು ಸಮನಾಗಿ ಉಳಿಯುವುದಿಲ್ಲ, ಕೊನೆಗೆ ಬಂದ ವ್ಯತ್ಯಾಸ ಔಷಧದ್ದೋ ಆರಿಸಿದ ಕೈಯದ್ದೋ ತಿಳಿಯುವುದಿಲ್ಲ. ಯಾರಿಗೆ ಯಾವುದು ಸಿಕ್ಕಿದೆ ಎಂದು ಡಾಕ್ಟರಿಗೂ ರೋಗಿಗೂ ತಿಳಿಯದಂತೆ ಇಡುವುದೂ ಇದೇ ಕಾರಣಕ್ಕೆ. ಗೊತ್ತಿದ್ದರೆ ಹುಣ್ಣನ್ನು ಅಳೆಯುವ ಕಣ್ಣೇ ಬದಲಾಗುತ್ತದೆ. ಹಾಗಂತ ಯಾರಿಗೂ ಗೊತ್ತಿಲ್ಲವೆಂದಲ್ಲ. ಪಟ್ಟಿ ಬೇರೆ ಕಡೆ ಭದ್ರವಾಗಿರುತ್ತದೆ, ರೋಗಿಯ ಜೀವಕ್ಕೆ ತೊಂದರೆಯಾದರೆ ಆ ಒಬ್ಬರ ಮಟ್ಟಿಗೆ ಗುಟ್ಟು ತೆರೆಯುವ ವ್ಯವಸ್ಥೆ ಇರುತ್ತದೆ.

ಪ್ಲಸೀಬೊ ಎಂದರೆ ಔಷಧದಂತೆಯೇ ಕಾಣುವ, ಔಷಧ ಇಲ್ಲದ ವಸ್ತು. ಇಲ್ಲೂ ಒಂದು ತಪ್ಪು ಕಲ್ಪನೆ ಇದೆ. ‘ಅರ್ಧ ಮಂದಿಯನ್ನು ಚಿಕಿತ್ಸೆ ಇಲ್ಲದೆ ಬಿಡುತ್ತಾರೆ’ ಎಂದು ನನ್ನ ಸಹೋದ್ಯೋಗಿಯೊಬ್ಬ ಖಡಾಖಂಡಿತ ಹೇಳಿದ. ಕಾಕಾನ ಟ್ರಯಲ್‌ನಲ್ಲಿ ಎರಡೂ ಗುಂಪಿಗೆ ಗಾಯ ತೊಳೆದು ಪಟ್ಟಿ ಕಟ್ಟುವುದು, ಹುಣ್ಣಿನ ಮೇಲೆ ಭಾರ ಬೀಳದಂಥ ಪಾದರಕ್ಷೆ, ಸಕ್ಕರೆ ಹಿಡಿತಕ್ಕೆ ತರುವ ಚಿಕಿತ್ಸೆ ಎಲ್ಲವೂ ಇತ್ತು. ಅದರ ಮೇಲೆ ಒಬ್ಬರಿಗೆ ಔಷಧದ ಜೆಲ್, ಇನ್ನೊಬ್ಬರಿಗೆ ಖಾಲಿ ಜೆಲ್. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಪ್ಲಸೀಬೊ ಇದೆಯೇ’ ಎಂಬುದಕ್ಕಿಂತ ‘ಪ್ಲಸೀಬೊ ಬಂದವರಿಗೆ ಅದರ ಜೊತೆ ಏನೇನು ಸಿಗುತ್ತದೆ’ ಎಂಬುದು.

‘ಇಲಿ’ಯ ಪ್ರಶ್ನೆಗೂ ಉತ್ತರ ಇದೆ. ಹೌದು, ಪ್ರಯೋಗವೇ. ಆದರೆ ಮನುಷ್ಯರ ಮೇಲಿನ ಮೊದಲ ಹೆಜ್ಜೆ ಅಲ್ಲ. ಔಷಧ ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿದ ಮೇಲೆ ಮೊದಲ ಹಂತದಲ್ಲಿ ಕೆಲವೇ ಜನರ ಮೇಲೆ ಸುರಕ್ಷತೆ ನೋಡುತ್ತಾರೆ. ಎರಡನೇ ಹಂತದಲ್ಲಿ ಇನ್ನಷ್ಟು ರೋಗಿಗಳಲ್ಲಿ ಪ್ರಮಾಣ ಮತ್ತು ಪರಿಣಾಮ. ಮೂರನೆಯದರಲ್ಲಿ ನೂರಾರು, ಸಾವಿರಾರು ಜನರಲ್ಲಿ ಹೋಲಿಕೆ. ಮಾರುಕಟ್ಟೆಗೆ ಬಂದ ಮೇಲಿನ ನಿಗಾ ನಾಲ್ಕನೆಯದು. ಕಾಕಾನದು ಮೂರನೆಯದು. ಯಾವ ಹಂತ ಎಂದು ಕೇಳುವುದನ್ನು ಮರೆಯಬೇಡಿ, ಅಪಾಯದ ಅಂದಾಜು ಅದರ ಮೇಲೆ ನಿಂತಿದೆ.

ನನ್ನ ವೃತ್ತಿಯಲ್ಲೂ ಪ್ರಯೋಗಗಳಿವೆ. ಆ್ಯಪ್‌ನ ಗುಂಡಿ ಹಸಿರಾಗಿದ್ದರೆ ಜನ ಹೆಚ್ಚು ಒತ್ತುತ್ತಾರೋ ನೀಲಿಯಾಗಿದ್ದರೋ ಎಂದು ಬಳಕೆದಾರರನ್ನು ಚೀಟಿ ಎತ್ತಿ ಎರಡು ಪಾಲು ಮಾಡುತ್ತೇವೆ. ಯಾರನ್ನೂ ಕೇಳುವುದಿಲ್ಲ. 2012ರಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಪರದೆಯಲ್ಲಿ ಒಂದು ವಾರ ಸಂತಸದ ಅಥವಾ ಬೇಸರದ ಪೋಸ್ಟ್‌ಗಳನ್ನು ಕಡಿಮೆ ಮಾಡಿ ಅವರ ಮನಸ್ಸು ಹೇಗೆ ಬದಲಾಗುತ್ತದೆಂದು ನೋಡಿತು. ಎರಡು ವರ್ಷಗಳ ಮೇಲೆ ಅದು ಸಂಶೋಧನಾ ಲೇಖನವಾಗಿ ಹೊರಬಂದಾಗಲೇ ಜನರಿಗೆ ತಿಳಿದದ್ದು. ಆಸ್ಪತ್ರೆ ಹದಿನಾಲ್ಕು ಪುಟ ಕೊಟ್ಟು ಕೇಳುತ್ತದೆ. ಬೈಯುವ ಮೊದಲು ಈ ವ್ಯತ್ಯಾಸ ನನಗೆ ನೆನಪಾಗುತ್ತದೆ.

ಆದರೆ ಕೇಳುವುದು ಎಂದರೆ ಕಾಗದ ಮುಂದಿಡುವುದಲ್ಲ. ನಮ್ಮ ದೇಶದಲ್ಲಿ ಇದು ಕೆಟ್ಟದಾಗಿ ನಡೆದ ಉದಾಹರಣೆ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಶಾಲಾ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ಶುರುವಾಯಿತು. ದೂರುಗಳು ಬಂದು 2010ರ ಏಪ್ರಿಲ್‌ನಲ್ಲಿ ನಿಂತಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕೊಟ್ಟ ವರದಿಯನ್ನು ಓದಿದರೆ, ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದವರು ತಂದೆತಾಯಿಗಳಲ್ಲ, ಹಾಸ್ಟೆಲ್ ವಾರ್ಡನ್‌ಗಳು ಮತ್ತು ಮುಖ್ಯೋಪಾಧ್ಯಾಯರು. ಲಸಿಕೆ ಕೆಟ್ಟದ್ದಾಗಿರಲಿಲ್ಲ, ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ಇಂದು ಜಗತ್ತಿನಾದ್ಯಂತ ಅದನ್ನು ಕೊಡುತ್ತಾರೆ. ಒಳ್ಳೆಯ ಲಸಿಕೆಗೆ ಸುಳ್ಳು ಒಪ್ಪಿಗೆ ಪಡೆದರು, ನಂಬಿಕೆ ಹೋಯಿತು.

ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅದರಲ್ಲಿ ರೋಗಿಯ ಕೈಗೆ ಸಾಕಷ್ಟು ಬಲ ಇದೆ. ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಟ್ರಯಲ್‌ನಲ್ಲಿದ್ದಾಗ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಆ ತೊಂದರೆ ಟ್ರಯಲ್‌ನಿಂದಲೇ ಆದದ್ದೆಂದು ಗೊತ್ತಾದರೆ ಪರಿಹಾರ ಕೊಡಬೇಕು. ಸಹಿಯಾದ ಪತ್ರದ ಒಂದು ಪ್ರತಿ ರೋಗಿಯ ಬಳಿ ಇರಬೇಕು. ಟ್ರಯಲ್ ಶುರುವಾಗುವ ಮೊದಲು ನೈತಿಕ ಸಮಿತಿ, ಅಂದರೆ ಎಥಿಕ್ಸ್ ಕಮಿಟಿ, ಒಪ್ಪಬೇಕು. ಅದರಲ್ಲಿ ಕನಿಷ್ಠ ಏಳು ಮಂದಿ. ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಕಾನೂನು ತಿಳಿದವರು, ಒಬ್ಬ ಮಹಿಳೆ ಇರಲೇಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಇದೆಲ್ಲದರ ಜೊತೆ, ಒಪ್ಪಿಗೆ ಪತ್ರ ತಾಂತ್ರಿಕ ಪದಗಳಿಲ್ಲದೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಡಾಕ್ಟರಿಗೆ ಅನುಕೂಲವಾದ ಭಾಷೆಯಲ್ಲಿ ಎಂದಲ್ಲ, ಜೊತೆಗೆ ಬಂದ ಎಂಜಿನಿಯರ್ ಅಣ್ಣನ ಮಗನಿಗೆ ಅರ್ಥವಾಗುವ ಭಾಷೆಯಲ್ಲಿ ಎಂದೂ ಅಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 2009ರ ಜೂನ್‌ನಿಂದ ಭಾರತದ ಔಷಧ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ. ಯಾರು ಬೇಕಾದರೂ ಮೊಬೈಲಿನಲ್ಲೇ, ದುಡ್ಡಿಲ್ಲದೆ ನೋಡಬಹುದು. ಒಪ್ಪಿಗೆ ಪತ್ರ ಕೈಗೆ ಬಂದ ಕೂಡಲೇ ನೋಂದಣಿ ಸಂಖ್ಯೆ ಕೇಳಿ, ಹುಡುಕಿ. ಹಣ ಕೊಡುವವರು ಯಾರು, ಯಾವ ಹಂತ, ಯಾವ್ಯಾವ ಊರಿನ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಯಾರನ್ನು ಸೇರಿಸಬಾರದು ಎಲ್ಲ ಅಲ್ಲಿರುತ್ತದೆ. ಪ್ರತಿ ಟ್ರಯಲ್‌ಗೂ ಎರಡು ಹೆಸರು ಕೊಡಬೇಕು, ಒಂದು ವೈಜ್ಞಾನಿಕ, ಒಂದು ಜನಸಾಮಾನ್ಯರಿಗೆ ತಿಳಿಯುವಂಥದ್ದು. ಆ ಎರಡನೆಯದೂ ಇಂಗ್ಲಿಷಿನಲ್ಲಿ!

ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಟ್ರಯಲ್‌ಗಳು ಹೆಚ್ಚು ಯಾಕೆ ನಡೆಯುತ್ತವೆ ಎಂದು ಕೇಳಬಹುದು. ರೋಗಿಗಳು ಹೆಚ್ಚು, ಪ್ರಾಧ್ಯಾಪಕರಿದ್ದಾರೆ, ಪ್ರಯೋಗಾಲಯ ಇದೆ, ಸಮಿತಿ ಇದೆ. ಒಳ್ಳೆಯದೇ. ಆದರೆ ಅಲ್ಲಿ ಡಾಕ್ಟರ ತಲೆಯ ಮೇಲೆ ಎರಡು ಟೊಪ್ಪಿಗೆ ಇರುತ್ತವೆ. ಒಂದು ನಿಮ್ಮನ್ನು ಗುಣಪಡಿಸುವವರದು, ಇನ್ನೊಂದು ಪ್ರಶ್ನೆಯೊಂದಕ್ಕೆ ಉತ್ತರ ಹುಡುಕುವವರದು. ನಮ್ಮ ಹಳ್ಳಿಯವರು ಮೊದಲನೆಯದನ್ನು ಮಾತ್ರ ಕಾಣುತ್ತಾರೆ. ಡಾಕ್ಟರು ‘ಸೇರಬಹುದು’ ಎಂದರೆ ಅವರ ಕಿವಿಗೆ ‘ಸೇರು’ ಎಂದೇ ಕೇಳುತ್ತದೆ. ಅದನ್ನು ಬಿಡಿಸಿ ಹೇಳುವ ಹೊಣೆ ಆಸ್ಪತ್ರೆಯದು. ಆಸ್ಪತ್ರೆ ಕನ್ನಡದಲ್ಲಿ ಹೇಳದಿದ್ದಾಗ ಅದು ನಮ್ಮ ತಲೆಗೆ ಬರುತ್ತದೆ.

ಆಸ್ಪತ್ರೆಗಳ ವಾದವೂ ನನಗೆ ಗೊತ್ತಿದೆ. ಅನುವಾದ ಮಾಡಿಸಿ, ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ತಾಳೆ ನೋಡಿ, ಸಮಿತಿಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಖರ್ಚು, ಸಮಯ. ನಾಲ್ಕು ಮಂದಿ ಕನ್ನಡಿಗರಿಗಾಗಿ ಯಾಕೆ? ಆದರೆ ಅಷ್ಟೊಂದು ಜಾಗ್ರತೆ ಬೇಕೆಂದು ನಿಯಮ ಮಾಡಿದವರು, ಅದೇ ಕೆಲಸವನ್ನು ಮುಕ್ಕಾಲು ಗಂಟೆಯಲ್ಲಿ, ತಾಳೆ ನೋಡುವವರಿಲ್ಲದೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದ ನನ್ನ ಕೈಗೆ ಹೇಗೆ ಕೊಡುತ್ತಾರೆ? ಮೀರಜ್, ಸಾಂಗ್ಲಿ, ಸೊಲ್ಲಾಪುರ, ಪುಣೆಯ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕೂತು ಕಿವಿಗೊಟ್ಟರೆ ಸಾಕು, ಕನ್ನಡ ಎಷ್ಟು ಕೇಳುತ್ತದೆಂದು ತಿಳಿಯುತ್ತದೆ. ಹೈದರಾಬಾದಿನಲ್ಲಿ ಬೀದರ, ಕಲಬುರಗಿ, ರಾಯಚೂರಿನವರದೂ ಇದೇ ಕಥೆ. ಗಡಿಯ ಈಚೆಯ ಆಸ್ಪತ್ರೆಗೆ ಗಡಿಯ ಆಚೆಯ ರೋಗಿ ಬೇಕಾದರೆ, ಅವನ ಭಾಷೆಯ ಪತ್ರವೂ ಬೇಕು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಕೊಡುವ ಉತ್ಸಾಹದಲ್ಲಿ ಕಾಲುಭಾಗ ಇದಕ್ಕೆ ಕೊಟ್ಟರೆ, ಒಂದು ಸಮಿತಿಗೆ ಒಂದು ಅರ್ಜಿ ಬರೆಯಬಹುದು. ಸಂಘದಲ್ಲಿ ಡಾಕ್ಟರುಗಳಿದ್ದಾರೆ, ನರ್ಸ್‌ಗಳಿದ್ದಾರೆ, ಕನ್ನಡ ಎಂಎ ಮಾಡಿದವರಿದ್ದಾರೆ.

ಅಲ್ಲಿಯವರೆಗೆ ಬಾಯಿಮಾತಿನ ಅನುವಾದ ನಮಗೆ ತಪ್ಪಿದ್ದಲ್ಲ. ನಾನು ಕಲಿತದ್ದು ಇಷ್ಟು: ಗೊತ್ತಿಲ್ಲದ ಪದವನ್ನು ದಾಟಿಸಬೇಡಿ, ಡಾಕ್ಟರನ್ನು ಕೇಳಿ. ಸಮಾಧಾನ ಹೇಳಬೇಡಿ. ಅದೇ ದಿನ ಸಹಿ ಹಾಕಿಸಬೇಡಿ, ಪತ್ರ ಮನೆಗೆ ತನ್ನಿ. ಎಲ್ಲ ಹೇಳಿ ಮುಗಿಸಿದ ಮೇಲೆ ‘ತಿಳೀತೇನು’ ಎಂದು ಕೇಳಬೇಡಿ, ಹಿರಿಯರು ‘ಹೂಂ’ ಅಂದೇ ಅನ್ನುತ್ತಾರೆ. ‘ಈಗ ನೀವು ನನಗೆ ಹೇಳಿ’ ಅನ್ನಿ. ಚಿಗವ್ವನಿಗೆ ಫೋನ್ ಮಾಡದಿದ್ದರೆ ನನ್ನ ತಪ್ಪು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಮರುದಿನ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಚೀಟಿ ಎತ್ತುವುದಕ್ಕೆ ಇನ್ನೂ ವಾರವಿತ್ತು. ಡಾಕ್ಟರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ; ಅವರು ಕಾಕಾನನ್ನು ಕರೆಸಿ ಮೊದಲಿಂದ ವಿವರಿಸಿದರು. ಕಾಕಾ ಕೇಳಿದ್ದು ಮೂರೇ ಪ್ರಶ್ನೆ. ಖಾಲಿ ಜೆಲ್ ಬಂದರೂ ಪಟ್ಟಿ ಕಟ್ಟುವುದು ನಿಲ್ಲುವುದಿಲ್ಲವಲ್ಲ? ಇಂಡಿಯಿಂದ ಬಂದುಹೋಗುವ ಖರ್ಚು ಯಾರದು? ನನಗೆ ಯಾವುದು ಸಿಕ್ಕಿತ್ತೆಂದು ಕೊನೆಗಾದರೂ ಹೇಳುತ್ತೀರಾ? ಮೂರಕ್ಕೂ ನೇರ ಉತ್ತರ ಸಿಕ್ಕಿತು. ಎರಡು ದಿನ ಯೋಚನೆ ಮಾಡಿ, “ಚೀಟಿ ಎತ್ತೋದಿದ್ರ ಎತ್ತಲಿ. ಮೊದಲ ಹೇಳಬೇಕಿತ್ತು, ಅಷ್ಟ” ಅಂದರು.

ಕನ್ನಡದ ಪತ್ರ ಬೇಕೆಂದು ನಾನು ಬರೆದುಕೊಟ್ಟ ಅರ್ಜಿ ಸಮಿತಿಗೆ ಹೋಗಿ, ಅನುವಾದವಾಗಿ, ಒಪ್ಪಿಗೆಯಾಗಿ ಬರುವ ಹೊತ್ತಿಗೆ ಕಾಕಾನ ನಾಲ್ಕನೇ ಭೇಟಿ. ಹುಣ್ಣು ಅರ್ಧ ಕಿರಿದಾಗಿತ್ತು. ಔಷಧದಿಂದಲೋ ಹೊಸ ಪಾದರಕ್ಷೆಯಿಂದಲೋ, ಡಾಕ್ಟರಿಗೂ ಗೊತ್ತಿಲ್ಲ. ಹೊಸ ಪತ್ರಕ್ಕೆ ಮತ್ತೆ ಸಹಿ ಬೇಕು ಎಂದರು. ಕಾಕಾ ಕನ್ನಡಕ ಹಾಕಿಕೊಂಡು ವರಾಂಡದ ಬೆಂಚಿನ ಮೇಲೆ ಕೂತರು. ಒಂದೂವರೆ ಗಂಟೆ ಓದಿದರು, ಪೇಪರ್ ಓದುವ ಹಾಗೆ, ಬೆರಳಿಟ್ಟುಕೊಂಡು. ಒಂಬತ್ತನೇ ಪುಟಕ್ಕೆ ಬಂದು ನಿಂತರು.

“ತಮ್ಮಾ, ಇಲ್ಲಿ ನನ್ನ ರಕ್ತ ಐದು ವರ್ಷ ಇಟ್ಕೊಂಡು ಬ್ಯಾರೆ ಸಂಶೋಧನಾಕ್ಕ ವಾಪರಸ್ತೀವಿ ಅಂತ ಅದ. ಹೌದು ಅನ್ನಬಹುದು, ಬ್ಯಾಡ ಅನ್ನಬಹುದು ಅಂತ ಎರಡು ಚೌಕ ಅದಾವ. ಇದನ್ನ ನೀ ಅವತ್ತ ಹೇಳಿರಲಿಲ್ಲ.”

ಹೇಳಿರಲಿಲ್ಲ. ಆ ಪುಟ ನಾನು ಹಾರಿಸಿದ್ದೆ. ಮಧ್ಯಾಹ್ನ ಎರಡಕ್ಕೆ ಮೀಟಿಂಗ್ ಇತ್ತು.

ಕಾಕಾ ಪೆನ್ನು ಇಸಿದುಕೊಂಡು ‘ಬೇಡ’ದ ಚೌಕದಲ್ಲಿ ಗುರುತು ಹಾಕಿ, ಮುಂದಿನ ಪುಟ ತಿರುವಿದರು.